ಕ್ಲಾಡಿಂಗ್, ಬೀಡಿಂಗ್, ಕ್ಲಿಪ್ಪಿನ ಕತ್ತು

ಹುಬ್ಬಳ್ಳಿ, 11 ಜನವರಿ 2025, ಶನಿವಾರ

ನವಲಗುಂದ ಕಡೆಯ ಗಾಡಿ, ಹ್ಯಾಚ್‌ಬ್ಯಾಕ್. ಎಡಗಡೆಯ ಎರಡೂ ಬಾಗಿಲಿಗೆ ಪೇಂಟ್ ಆಗಬೇಕು, ಹಿಂದಿನ ಚಕ್ರದ ಕ್ಲಾಡಿಂಗ್ (ಕಮಾನಿನ ಅಂಚಿಗೆ ಕೂರುವ ಪ್ಲಾಸ್ಟಿಕ್ ಹೊದಿಕೆ) ಹಿಂದೆ ತುಕ್ಕು ಇದೆಯಾ ನೋಡಬೇಕು. ಅಂದರೆ ಆ ಮಗ್ಗುಲಿನ ಪ್ಲಾಸ್ಟಿಕ್ ಎಲ್ಲ ಇಳಿಯಬೇಕು.

ಎರಿ ಸೀಮೆಯ, ಅಂದರೆ ಕಪ್ಪು ಮಣ್ಣಿನ ಕಡೆಯ, ಗಾಡಿ ಬಂತೆಂದರೆ ಮೊದಲ ಸಾಮಾನು ನೀರಿನ ಪೈಪು. ಕ್ಲಾಡಿಂಗ್ ಅಂಚಿನೊಳಗೆ ಹೊಕ್ಕ ಎರಿಮಣ್ಣು ಒಣಗಿದರೆ ಸಿಮೆಂಟಿನಂತೆ ಕೂತುಬಿಡುತ್ತದೆ. ಕ್ಲಾಡಿಂಗನ್ನು ತಗಡಿನ ತೂತಿಗೆ ಹಿಡಿದಿಡುವ ನೈಲಾನ್ ಕ್ಲಿಪ್ ಹೊರಬರಬೇಕಾದರೆ ಅದರ ರೆಕ್ಕೆಗಳು ಒಳಕ್ಕೆ ಮಡಚಬೇಕು. ಸುತ್ತ ಮಣ್ಣು ತುಂಬಿದ್ದರೆ ಮಡಚಲು ಜಾಗವೆಲ್ಲಿ? ಎಳೆದರೆ ಕತ್ತು ಮುರಿದು ತಲೆಯಷ್ಟೇ ಕೈಗೆ ಬರುತ್ತದೆ. ಅಂಚಿಗೆ ನೀರು ಬಿಟ್ಟು ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು, ಹಳೇ ಟೂತ್‌ಬ್ರಷ್ಷಿನಿಂದ ಕೆದಕಿ ಮತ್ತೆ ತೊಳೆಯಬೇಕು. ಹರಳು ಉಳಿದರೆ ಬಣ್ಣಕ್ಕೂ ಗೀರು ಬೀಳುತ್ತದೆ.

ಇನ್ನೊಂದು ಚಳಿ. ಜನವರಿ ಮುಂಜಾನೆಯ ತಂಪಿಗೆ ನೈಲಾನ್ ಗಡುಸಾಗಿರುತ್ತದೆ, ಅದರಲ್ಲೂ ವರ್ಷಗಟ್ಟಲೆ ಬಿಸಿಲು ತಿಂದ ಕ್ಲಿಪ್ಪು. ಹನ್ನೊಂದರ ಬಿಸಿಲು ಬಾಗಿಲಿಗೆ ಬೀಳುವವರೆಗೆ ಕಾಯುವುದೇ ಜಾಣತನ. ಅವಸರವಿದ್ದರೆ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಸ್ವಲ್ಪ ಮೈಮರೆತರೆ ಕ್ಲಾಡಿಂಗನ್ನೇ ಸೊಟ್ಟ ಮಾಡುತ್ತದೆ.

ಚಕ್ರದ ಕ್ಲಾಡಿಂಗ್‌ನಲ್ಲಿ ಎಳೆಯುವ ಮುಂಚೆ ಹುಡುಕಬೇಕಾದದ್ದು ಸ್ಕ್ರೂ. ಕಮಾನಿನ ಒಳಗಂಚಿನಲ್ಲಿ, ಮಡ್‌ಫ್ಲ್ಯಾಪ್ ಹಿಂದೆ, ಕೆಳತುದಿಯಲ್ಲಿ ಬೆರಳಾಡಿಸಿದರೆ ಸಿಗುತ್ತವೆ. ಒಂದು ಸ್ಕ್ರೂ ಉಳಿದರೂ ಎಳೆದ ಬಲವೆಲ್ಲ ಪಕ್ಕದ ಕ್ಲಿಪ್ಪಿನ ಮೇಲೆ. ನಡುವೆ ಪಿನ್ ಇರುವ ಪುಶ್ ಕ್ಲಿಪ್‌ಗಳಲ್ಲೂ ಜಾತಿ ಇದೆ: ಪಿನ್ ಮೇಲೆ ಎತ್ತುವುದು ಒಂದು, ಎರಡು ಮೂರು ಮಿಲಿಮೀಟರ್ ಒಳಗೆ ಒತ್ತುವುದು ಇನ್ನೊಂದು. ಪಿನ್ ತಲೆಯ ಪಕ್ಕ ಉಗುರು ಹೋಗುವ ಕಚ್ಚು ಇದ್ದರೆ ಎತ್ತುವುದು. ಒತ್ತುವುದನ್ನು ಜೋರಾಗಿ ಒತ್ತಿದರೆ ಪಿನ್ ಒಳಗೇ ಬಿದ್ದುಹೋಗುತ್ತದೆ.

ಫರ್ (ಕ್ರಿಸ್‌ಮಸ್) ಮರದ ಆಕಾರದ ಹಲ್ಲಿನ ಕ್ಲಿಪ್ ತಗಡಿಗೆ ನೇರ ಕೋನದಲ್ಲೇ ಬರಬೇಕು. ಮುರಿಯುವುದು ಬಲಕ್ಕಲ್ಲ, ಓರೆಗೆ. ಒಂದು ತುದಿ ಹಿಡಿದು ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಎಳೆದರೆ ಎರಡನೇ ಕ್ಲಿಪ್ಪಿಗೇ ಕತ್ತು ಹೋಯಿತು. ಮೀಟಿ ಎತ್ತುವ ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್ಪಿನ ಬುಡಕ್ಕೆ ಆದಷ್ಟೂ ಹತ್ತಿರ ತೂರಿಸಿ, ಎರಡೂ ಬದಿಯಿಂದ ಒಂದೊಂದು ಪಟ್ಟಿ ಹಾಕಿ ಸಮನಾಗಿ ಎತ್ತಬೇಕು. 'ಟಪ್' ಅಂದ ಮೇಲೆ ಮುಂದಿನದಕ್ಕೆ. ಪಟ್ಟಿ ಆನಿಸುವ ಕಡೆ ಬಣ್ಣದ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್. ಉಕ್ಕಿನ ಸ್ಕ್ರೂಡ್ರೈವರ್ ಪೆಟ್ಟಿಗೆಯಲ್ಲೇ ಇರಲಿ.

ನೇರ ಎಳೆದರೂ ಬಾರದಿದ್ದರೆ ಅದು ಜಾರಿಸುವ ಜಾತಿಯೇ ಇರಬಹುದು. ಕಮಾನಿನ ಒಳಗಿನ ಲೈನರ್ (ಒಳಹೊದಿಕೆ) ಸ್ವಲ್ಪ ಸರಿಸಿ, ಟಾರ್ಚ್ ಹಚ್ಚಿದ ಮೊಬೈಲ್ ತೂರಿಸಿ ಒಂದು ಫೋಟೊ ತೆಗೆದರೆ ಗೊತ್ತಾಗುತ್ತದೆ: ತಗಡಿನ ತೂತು ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಇದ್ದರೆ ಅಗಲದ ಕಡೆಗೆ ಸರಿಸಬೇಕು. ಹಿಂದಿನಿಂದ ಕೈ ಆಡುವಂತಿದ್ದರೆ ನೋಸ್ ಪ್ಲೈಯರ್‌ನಿಂದ ರೆಕ್ಕೆ ಅಮುಕಿ ತಳ್ಳುವುದು ಎಲ್ಲಕ್ಕಿಂತ ಸಲೀಸು.

ಬಾಗಿಲ ಬೀಡಿಂಗ್, ಅಂದರೆ ಬಾಗಿಲ ಉದ್ದಕ್ಕೂ ಅಂಟಿಸಿದ ಪ್ಲಾಸ್ಟಿಕ್ ಅಂಚುಪಟ್ಟಿ, ಬೇರೆ ಲೆಕ್ಕ. ಬಹುಪಾಲು ಡಬಲ್ ಸೈಡ್ ಟೇಪಿನ ಮೇಲೆ ನಿಂತಿರುತ್ತದೆ, ಕೆಲವದರ ತುದಿಗೆ ಕ್ಲಿಪ್ಪೂ ಇರುತ್ತದೆ. ಕೈಗೆ ಚುರುಕ್ ಅನ್ನುವಷ್ಟು, ಸುಮಾರು 50–60 ಡಿಗ್ರಿ, ಬಿಸಿ ಮಾಡಿ ಮೀನಿನ ಗಾಳದ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಆಡಿಸಬೇಕು. ಕ್ಲಿಪ್ ಹತ್ತಿರ ದಾರ ತಡೆಯುತ್ತದೆ. ಅಲ್ಲಿ ನಿಲ್ಲಿಸಿ ಪ್ಲಾಸ್ಟಿಕ್ ಪಟ್ಟಿ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಳಿಸಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬೇಕು. ಪೇಂಟರ್‌ನ ಥಿನ್ನರ್ ಹತ್ತಿರವೇ ಇರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಕೆಡಿಸುವುದು ಅದೇ. ವಾಪಸ್ ಕೂರಿಸುವಾಗ ಹೊಸ ಟೇಪ್, ಹೊಸ ಬಣ್ಣ ಪೂರ್ತಿ ಆರಿದ ಮೇಲಷ್ಟೇ. ಟೇಪಿನ ಅಂಟು ಪೂರ್ತಿ ಬಿಗಿಯಲು ಮೂರು ದಿನ ಬೇಕು, ಅಲ್ಲಿಯವರೆಗೆ ವಾಟರ್ ಸರ್ವಿಸ್ ಇಲ್ಲ.

ಮುರಿದ ಕ್ಲಿಪ್ಪಿನ ತುಂಡನ್ನು ತೂತಿನೊಳಗೆ ತಳ್ಳುವುದು ಸೋಮಾರಿ ಕೆಲಸ. ಬಾಗಿಲೊಳಗೆ ಬಿದ್ದು ಗುಂಡಿ ಬಂದಾಗಲೆಲ್ಲ ಕಟಕಟ ಅನ್ನುತ್ತದೆ, ಇಲ್ಲವೇ ತಳದ ನೀರಿಳಿಯುವ ತೂತನ್ನೇ ಮುಚ್ಚುತ್ತದೆ. ಪ್ಲೈಯರ್‌ನಿಂದ ಹಿಡಿದು ಹೊರಗೇ ತೆಗೆಯಬೇಕು.

ಹೊಸ ಕ್ಲಿಪ್ ತರುವಾಗ ತಲೆಯ ಅಗಲ ನೋಡಿದರೆ ಸಾಲದು. ತೂತನ್ನು ವರ್ನಿಯರ್‌ನಿಂದ ಅಳೆದು, ಕತ್ತಿನ ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ನೋಡಬೇಕು. 8 ಮಿಮೀ ತೂತಿಗೆ 7ರ ಕ್ಲಿಪ್ ಕೂತಂತೆ ಕಾಣುತ್ತದೆ, ಹೈವೇಯಲ್ಲಿ ಕ್ಲಾಡಿಂಗ್ ಪಟಪಟ ಬಡಿಯುತ್ತದೆ. ಬುಡದಲ್ಲಿ ಸ್ಪಂಜಿನ ವಾಷರ್ ಇದ್ದ ಕ್ಲಿಪ್ಪಿಗೆ ವಾಷರ್ ಇರುವುದೇ ಬೇಕು. ನೀರು ತಡೆಯುವುದು ಅದು.

ಈ ಗಾಡಿಯ ಹಿಂದಿನ ಕಮಾನಿನಲ್ಲಿ ತೂತಿನ ಅಂಚಿಗೆ ಬಣ್ಣ ಹೋಗಿ ಕೆಂಪಗಾಗಿದೆ. ಉಜ್ಜಿ ಪ್ರೈಮರ್ ಹಚ್ಚಿದ್ದಾಯಿತು. ಬಣ್ಣ ಸೋಮವಾರ, ಕ್ಲಾಡಿಂಗ್ ಆಮೇಲೆ.