ಕುಚ್ಚು ಕಟ್ಟುವ ಕೈಗೆ ಬೆಲ್ಟಾ, ಇಂಜೆಕ್ಷನ್ನಾ?

17 ನವೆಂಬರ್ 2024, ಭಾನುವಾರ
ಮೈಸೂರು

ಮದುವೆ ಸೀಸನ್. ಕುಚ್ಚಿಗೆ ಬಂದ ಸೀರೆಗಳು ಮಂಚದ ತುಂಬಾ ಬಿದ್ದಿವೆ, ಬಲಗೈ ಮಾತ್ರ ಮಾತು ಕೇಳುತ್ತಿಲ್ಲ. ನರದ ಟೆಸ್ಟ್ ರಿಪೋರ್ಟ್ ಬಂತು. ಕಾರ್ಪಲ್ ಟನಲ್ ಸಿಂಡ್ರೋಮ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ, ಇನ್ನೂ ಮೈಲ್ಡ್. ಆಪರೇಷನ್ ಈಗಲೇ ಬೇಡ, ಮಣಿಕಟ್ಟಿಗೆ ಬೆಲ್ಟ್ ಹಾಕ್ತೀರೋ ಸ್ಟೀರಾಯ್ಡ್ ಇಂಜೆಕ್ಷನ್ ತಗೋತೀರೋ ಯೋಚಿಸಿ ಬನ್ನಿ ಎಂದರು ಡಾಕ್ಟರ್. ಯೋಚಿಸಿದ್ದನ್ನು ಇಲ್ಲೇ ಬರೆದಿಡುತ್ತೇನೆ. ಕುಚ್ಚು, ಹೊಲಿಗೆ, ಕಸೂತಿ ಅಂತ ಕೂರುವವರು ನಮ್ಮೂರಲ್ಲಿ ಕಡಿಮೆಯೇನಿಲ್ಲ.

ಹೆಬ್ಬೆರಳಿಂದ ಮಧ್ಯದ ಬೆರಳಿನವರೆಗೆ ಜೋಮು, ಉಂಗುರದ ಬೆರಳಲ್ಲಿ ಅರ್ಧ, ಕಿರುಬೆರಳಿಗೆ ಏನೂ ಇಲ್ಲ. ರಾತ್ರಿ ಎಚ್ಚರವಾಗುತ್ತದೆ, ಎದ್ದು ಕೈ ಕೊಡವಿದರೆ ಸ್ವಲ್ಪ ಸಮಾಧಾನ. ಮಣಿಕಟ್ಟಿನ ಒಂದು ಕಿರಿದಾದ ಸಂದಿಯಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹೋಗುತ್ತದಂತೆ, ಅಲ್ಲಿ ಒತ್ತಡ ಜಾಸ್ತಿಯಾದರೆ ಪೆಟ್ಟು ತಿನ್ನುವುದು ಪಾಪ ನರ. ಥೈರಾಯ್ಡ್, ಶುಗರ್ ಇದ್ದವರಿಗೂ ಇದು ಬರುವುದರಿಂದ ಆ ಎರಡೂ ಟೆಸ್ಟ್ ಮಾಡಿಸಿದರು. ಬಸುರಿಯರಿಗೂ ಬರುತ್ತದೆ, ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುತ್ತದೆ.

ಮೊದಲು ಬೆಲ್ಟ್. ಮಲಗಿದಾಗ ನಮಗೇ ಗೊತ್ತಿಲ್ಲದಂತೆ ಕೈ ಮಡಚಿಕೊಂಡಿರುತ್ತೇವೆ, ಸಂದಿಯೊಳಗಿನ ಒತ್ತಡ ಏರುತ್ತದೆ. ಮಣಿಕಟ್ಟು ನೆಟ್ಟಗಿದ್ದರೆ ಒತ್ತಡ ಕಡಿಮೆ. ಹಾಗಾಗಿ ರಾತ್ರಿ ಹಾಕಿಕೊಳ್ಳುವುದೇ ಮುಖ್ಯ. ರಾಮಸ್ವಾಮಿ ಸರ್ಕಲ್ ಹತ್ತಿರ ಮೆಡಿಕಲ್ ಶಾಪಿನಲ್ಲಿ ಕೊಂಡ ಬೆಲ್ಟಿನ ಒಳಗೆ ಅಂಗೈ ಕಡೆಗೆ ಒಂದು ಲೋಹದ ಪಟ್ಟಿ ಇದೆ. ಅದು ಬರುವಾಗಲೇ ಬಾಗಿರುತ್ತದೆ, ಹಾಗೇ ಕಟ್ಟಿಕೊಂಡರೆ ಕೈ ಹಿಂದಕ್ಕೆ ಎತ್ತಿದ ಹಾಗೆ ನಿಲ್ಲುತ್ತದೆ. ಫಿಸಿಯೋಥೆರಪಿಸ್ಟ್ ಪಟ್ಟಿಯನ್ನು ಹೊರಗೆ ಎಳೆದು, ಮೇಜಿನ ಅಂಚಿಗೆ ಒತ್ತಿ ನೆಟ್ಟಗೆ ಮಾಡಿ ಮತ್ತೆ ತೂರಿಸಿಕೊಟ್ಟರು. ಅಂಗಡಿಯವನು ಇದನ್ನು ಹೇಳಲೇ ಇಲ್ಲ ನೋಡಿ. ಜಾಸ್ತಿ ಬಿಗಿಯೂ ಮಾಡಬಾರದು. ಕನಿಷ್ಠ 6 ವಾರ ಬಿಡದೆ ಹಾಕಬೇಕು, ಕಷ್ಟ ಇರುವುದೇ ಅಲ್ಲಿ.

ಇಂಜೆಕ್ಷನ್ ಬೇಗ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. 'ಅತ್ತಿಗೆ, ಸುಮ್ನೆ ಹಾಕಿಸಿಕೊಳ್ಳಿ, ನಿದ್ದೆನಾದ್ರೂ ಬರುತ್ತೆ' ಅಂತ ನಾದಿನಿ ಹೇಳುತ್ತಿದ್ದಾಳೆ. ಅವಳಿಗೆ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡಿತ್ತು, ಆದರೆ ಕೆಲವು ತಿಂಗಳಾದ ಮೇಲೆ ಜೋಮು ವಾಪಸ್. 2018ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು, 234 ಜನರಲ್ಲಿ ಕೆಲವರಿಗೆ ಒಂದೇ ಸ್ಟೀರಾಯ್ಡ್ ಇಂಜೆಕ್ಷನ್, ಉಳಿದವರಿಗೆ ರಾತ್ರಿ ಬೆಲ್ಟ್. 6 ವಾರಕ್ಕೆ ನೋಡಿದರೆ ಇಂಜೆಕ್ಷನ್ ಮುಂದೆ, 6 ತಿಂಗಳಿಗೆ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಬೆಲ್ಟಿಂದ ಗುಣವಾಗದವರಿಗೆ ಸ್ವೀಡನ್ನಿನಲ್ಲಿ ಇಂಜೆಕ್ಷನ್ ಕೊಟ್ಟು ನೋಡಿದ್ದು 2013ರಲ್ಲಿ ಪ್ರಕಟವಾಗಿದೆ. 80 ಮಿಲಿಗ್ರಾಂ ಸ್ಟೀರಾಯ್ಡ್ ತಗೊಂಡವರಲ್ಲೂ ವರ್ಷದೊಳಗೆ ನೂರಕ್ಕೆ 73 ಜನ ಆಪರೇಷನ್ ಮಾಡಿಸಿಕೊಂಡರು, ಔಷಧಿಯಿಲ್ಲದ ಸೂಜಿ ಚುಚ್ಚಿಸಿಕೊಂಡವರಲ್ಲಿ 92. ಅಂದರೆ ಪ್ರಯೋಜನ ಇದೆ, ಆದರೆ ಗುಣ ಅನ್ನುವುದಕ್ಕಿಂತ ಗಡುವು ಸಿಗುತ್ತದೆ ಅನ್ನಬೇಕು. ಶುಗರ್ ಇರುವವರಿಗೆ ಕೆಲವು ದಿನ ಸಕ್ಕರೆ ಅಂಶ ಏರುತ್ತದೆ, ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಳ್ಳುವುದೂ ಉಂಟು.

ಉಳಿದವು? ನೋವಿನ ಮಾತ್ರೆ ಈ ಜೋಮಿಗೆ ಹೇಳಿಕೊಳ್ಳುವಷ್ಟು ಕೆಲಸ ಮಾಡುವುದಿಲ್ಲ. ಬಿ6 ವಿಟಮಿನ್ ಮಾತ್ರೆಯೂ ಅಷ್ಟೇ, ಎಲ್ಲರ ಮನೆ ಡಬ್ಬಿಯಲ್ಲೂ ಇರುತ್ತೆ ಅನ್ನುವುದು ಬೇರೆ ಮಾತು. ಪಕ್ಕದ ಮನೆ ಆಂಟಿ ಎಣ್ಣೆ ಬಿಸಿ ಮಾಡಿ ನೀವಿಕೋ ಎಂದರು. ನೀವಿದರೆ ಹಾಯೆನಿಸುತ್ತದೆ, ಒಳಗಿನ ಸಂದಿ ಏನೂ ಅಗಲವಾಗುವುದಿಲ್ಲ ಅಲ್ವಾ. ಫಿಸಿಯೋದವರು ಹೇಳಿಕೊಟ್ಟ ಬೆರಳು, ಮಣಿಕಟ್ಟು ಆಡಿಸಿ ನರ ಜಾರಿಸುವ ವ್ಯಾಯಾಮ ಮಾಡುತ್ತಿದ್ದೇನೆ, ಖರ್ಚಿಲ್ಲ, ಆದರೆ ಅದೊಂದನ್ನೇ ನಂಬುವಷ್ಟು ಪುರಾವೆ ಇಲ್ಲ.

ಯೋಗದ ವಿಷಯ ಓದಿ ಖುಷಿಯಾಯಿತು. ಮೈಸೂರಲ್ಲೇ ಯೋಗ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯನ್ನು 1998ರಲ್ಲಿ ಅಮೆರಿಕದಲ್ಲಿ ಇದೇ ತೊಂದರೆಗೆ ಪರೀಕ್ಷಿಸಿದ್ದಾರೆ. 8 ವಾರದಲ್ಲಿ ಹಿಡಿತ ಹೆಚ್ಚಿತು, ನೋವು ಇಳಿಯಿತು. ಇದ್ದವರು 42 ಜನ ಅಷ್ಟೇ, ನರದ ಟೆಸ್ಟಿನಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮೂರ ಅಭಿಮಾನಕ್ಕೆ ಅದನ್ನು ಮುಚ್ಚಿಡಬಾರದು.

ಜೋಮು ಹಗಲೂ ರಾತ್ರಿ ಬಿಡದೆ ಇದ್ದರೆ, ಹೆಬ್ಬೆರಳಿನ ಬುಡದ ಮಾಂಸ ಕರಗುತ್ತಿದ್ದರೆ, ಇವುಗಳಲ್ಲಿ ಯಾವುದಕ್ಕೂ ಕಾಯಬೇಡಿ ಎಂದು ಡಾಕ್ಟರ್ ಖಡಾಖಂಡಿತ ಹೇಳಿದ್ದಾರೆ. ನನ್ನದು ಇನ್ನೂ ಅಲ್ಲಿಗೆ ಹೋಗಿಲ್ಲ.

ನನ್ನ ಲೆಕ್ಕ ಇಷ್ಟು. 6 ವಾರ ಅಂದರೆ ಡಿಸೆಂಬರ್ ಕೊನೆ, ಆಗ ಹೇಗೂ ಧನುರ್ಮಾಸ, ಮದುವೆಗಳಿರುವುದಿಲ್ಲ. ಅಲ್ಲಿಯವರೆಗೆ ಬೆಲ್ಟು. ಆಗಲೂ ರಾತ್ರಿ ಎದ್ದು ಕೂರುವಂತಾದರೆ ಸಂಕ್ರಾಂತಿ ಆದ ಮೇಲೆ, ಮಾಘದ ಮದುವೆಗಳು ಶುರುವಾಗುವ ಮುಂಚೆ, ಇಂಜೆಕ್ಷನ್. ಒಪ್ಪಿಕೊಂಡ ಸೀರೆ ಮುಗಿಸುತ್ತೇನೆ, ಮಣಿ ಪೋಣಿಸುವ ಕುಚ್ಚಿಗೆ ಹೊಸ ಆರ್ಡರ್ ಇಲ್ಲ, ಬರೀ ಗಂಟಿನ ಕುಚ್ಚು ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದ್ದೇನೆ. ಆಗಲೇ ಇಬ್ಬರು, ನಮ್ಮದೊಂದು ಮಾತ್ರ ಮಾಡಿಕೊಡಿ ಅಂತ ಮೆಸೇಜ್ ಹಾಕಿದ್ದಾರೆ.