ಪಾರ್ರಾಸ್: ಮರುಭೂಮಿಯೊಳಗಿನ ದ್ರಾಕ್ಷಿ ಊರು

ಉತ್ತರ ಮೆಕ್ಸಿಕೋದ ಮಾಂಟೆರ್ರೆ ನಗರದಿಂದ ಪಶ್ಚಿಮಕ್ಕೆ 40ನೇ ಹೆದ್ದಾರಿ ಹಿಡಿದರೆ, ಸಾಲ್ತಿಯೊ ದಾಟಿದ ಮೇಲೆ ಕಾಣುವುದು ಕುರುಚಲು, ಕಳ್ಳಿ, ಬೋಳು ಗುಡ್ಡ ಅಷ್ಟೇ. ಪೈಲಾದಲ್ಲಿ ಎಡಕ್ಕೆ ತಿರುಗಿ ಸುಮಾರು 27 ಕಿ.ಮೀ. ಹೋದರೆ ಪಾರ್ರಾಸ್. ದಾರಿಯಲ್ಲೇ ಕಾಸಾ ಮಡೆರೊ ವೈನ್ ತೋಟ ಸಿಗುತ್ತದೆ. ಎಲ್ಲರೂ ಅಲ್ಲೇ ಗಾಡಿ ನಿಲ್ಲಿಸುತ್ತಾರೆ. ನಮ್ಮ ಸಲಹೆ, ಮೊದಲು ಊರೊಳಗೆ ಹೋಗಿ ನೀರು ನೋಡಿ.

ಈ ಊರು ಬದುಕಿರುವುದೇ ನೀರಿನಿಂದ. ದಕ್ಷಿಣದ ಬೆಟ್ಟಸಾಲಿನ ಬುಡದ ಊಟೆಗಳ ನೀರು ಕಾಲುವೆ ಹಿಡಿದು ಕೆರೆಗಳಿಗೆ, ಅಲ್ಲಿಂದ ತೋಟಗಳಿಗೆ ಇಳಿಯುತ್ತದೆ. ಎಸ್ತಾಂಕೆ ದೆ ಲಾ ಲುಸ್ ಎಂಬ ಕೆರೆಯಲ್ಲಿ ಈಜಲೂಬಹುದು. 1598ರಲ್ಲಿ ಜೆಸುಯಿಟ್ ಎಂಬ ಕ್ಯಾಥೊಲಿಕ್ ಪಂಥದ ಪಾದ್ರಿಗಳು ಇಲ್ಲಿ ಊರು ಕಟ್ಟಿದರು; ದಕ್ಷಿಣದಿಂದ ಬಂದ ತ್ಲಾಸ್ಕಲಾ ಎಂಬ ಮೂಲನಿವಾಸಿ ಜನ ಅವರ ಜೊತೆ ನೆಲೆಸಿದರು. ಅದಕ್ಕೂ ಒಂದು ವರ್ಷ ಮೊದಲೇ ಲೊರೆನ್ಸೊ ಗಾರ್ಸಿಯಾ ಎಂಬಾತನಿಗೆ ಸ್ಪೇನ್ ದೊರೆಯ ಹೆಸರಿನಲ್ಲಿ ದ್ರಾಕ್ಷಿ ಬೆಳೆಯಲು ಜಮೀನು ಸಿಕ್ಕಿತ್ತು. ಆ ಜಮೀನೇ ಇಂದಿನ ಕಾಸಾ ಮಡೆರೊ, ಅಮೆರಿಕ ಖಂಡಗಳಲ್ಲೇ ಹಳೆಯ ವೈನರಿ. 1910ರ ಮೆಕ್ಸಿಕೋ ಕ್ರಾಂತಿಗೆ ಕರೆಕೊಟ್ಟು ದೇಶದ ಅಧ್ಯಕ್ಷರಾದ ಫ್ರಾನ್ಸಿಸ್ಕೊ ಮಡೆರೊ ಹುಟ್ಟಿದ್ದೂ ಈ ಊರಲ್ಲೇ, 1873ರಲ್ಲಿ.

ಮರಳುಗಾಡಿನಲ್ಲಿ ದ್ರಾಕ್ಷಿ ಹೇಗೆ? ಊರು ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಹಗಲಿನ ಬಿಸಿಲಿಗೆ ಹಣ್ಣು ಸಿಹಿಯಾಗುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ಒಣ ಗಾಳಿಯಿಂದ ಬೂಷ್ಟಿನ ಕಾಟವೂ ಕಡಿಮೆ. ಕೊಯ್ಲಿನ ಹೊತ್ತಿಗೆ, ಅಂದರೆ ಆಗಸ್ಟ್ ಆಸುಪಾಸಿನಲ್ಲಿ, ಮಳೆ ಬಿದ್ದರೆ ಮಾತ್ರ ಕಷ್ಟ: ಹಣ್ಣು ನೀರು ಕುಡಿದು ಬಿರಿಯುತ್ತದೆ, ಗೊಂಚಲು ಕೊಳೆಯುತ್ತದೆ. ದ್ರಾಕ್ಷಿ ಜಾತ್ರೆಯೂ ಆಗಸ್ಟ್‌ನಲ್ಲೇ. ಆಗ ಕೋಣೆ ಮೊದಲೇ ಕಾದಿರಿಸದೆ ಹೋಗಬೇಡಿ.

ಗುಡ್ಡದ ತುದಿಯ ಸಾಂತೊ ಮಡೆರೊ ಚರ್ಚ್‌ಗೆ ಬಿಸಿಲೇರುವ ಮುಂಚೆ ಹತ್ತಿ. ಏರು ಕಡಿದು, ನೆರಳಿಲ್ಲ.

ಸಸ್ಯಾಹಾರಿಗಳು ಎಡವುವುದು ಊಟದಲ್ಲಿ. ಇಲ್ಲಿನ ಗೋಧಿ ತೋರ್ತಿಯಾ ಎಂಬ ರೊಟ್ಟಿಗೂ ಅರೆದು ಹುರಿದ ಹುರುಳಿಕಾಯಿ ಬೀಜಕ್ಕೂ ಹಂದಿಕೊಬ್ಬು ಹಾಕುವುದು ಮಾಮೂಲು. ‘ಸಿನ್ ಮಾಂತೆಕಾ’ (ಹಂದಿಕೊಬ್ಬು ಇಲ್ಲದೆ) ಎಂದು ಕೇಳಿ, ಇಲ್ಲವೇ ಮೆಕ್ಕೆಜೋಳದ ತೋರ್ತಿಯಾ, ನೊಪಾಲ್ ಕಳ್ಳಿಯ ಪಲ್ಯ ತರಿಸಿ. ಪೆಕಾನ್ ಬೀಜ ಹಾಕಿದ ಹಾಲಿನ ಮಿಠಾಯಿ ಧಾರವಾಡ ಪೇಡೆಯ ಸೋದರಸಂಬಂಧಿ, ಬಿಡಬೇಡಿ.

ಟೆಕ್ಸಾಸ್ ಕಡೆಯಿಂದ ಬರುವವರಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಮೆಕ್ಸಿಕೋದ ವೀಸಾ ಬೇಡ. ಅಮೆರಿಕದ ಎಚ್1ಬಿ (ಉದ್ಯೋಗ ವೀಸಾ) ಅನುಮೋದನೆಯ ಕಾಗದ ಒಂದೇ ಸಾಲದು. ಊರಿಗೆ ವೈನ್ ಒಯ್ಯುವುದಾದರೆ ಭಾರತದಲ್ಲಿ ಸುಂಕವಿಲ್ಲದೆ ತಲೆಗೆ 2 ಲೀಟರ್. 750 ಮಿ.ಲೀ. ಬಾಟಲಿ ಎರಡೇ, ಮೂರನೆಯದಕ್ಕೆ ಮಿತಿ ದಾಟುತ್ತದೆ.