ಲಿಂಗಸುಗೂರು ದಾಟಿದ ಮೇಲೆ ಟವರ್ ಹುಡುಕುವುದು: ಜಲದುರ್ಗಕ್ಕೆ ಕಾರಿನಲ್ಲಿ ಹೋಗುವವರಿಗೆ

ನವೆಂಬರ್ ಕೊನೆಯ ವಾರ ಬಳ್ಳಾರಿಯಿಂದ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗಕ್ಕೆ ಹೋಗಿದ್ದೆವು. ಕೋಟೆ, ಕೃಷ್ಣಾ ನದಿ, ಬಂಡೆ ಇವುಗಳ ಬಗ್ಗೆ ಬರೆದವರು ತುಂಬಾ ಜನ ಇದ್ದಾರೆ. ನಾನು ಬರೆಯುತ್ತಿರುವುದು ಫೋನಿನ ಬಗ್ಗೆ. ಯಾಕೆಂದರೆ ಅವತ್ತು ಮೂರು ಗಂಟೆ ಹೊತ್ತು ನಮ್ಮ ಫೋನಿಗೆ ಟವರ್ ಸಿಗಲಿಲ್ಲ. ಅದೇ ಹೊತ್ತಿನಲ್ಲಿ ಮನೆಯಲ್ಲಿದ್ದ ಅವ್ವನಿಗೆ ಸಕ್ಕರೆ ಇಳಿದು ತಲೆ ಸುತ್ತಿತ್ತು. ಪಕ್ಕದ ಮನೆಯ ಅಕ್ಕ ಹನ್ನೊಂದು ಸಲ ಫೋನ್ ಮಾಡಿದ್ದರು. ಕೊನೆಗೆ ಅವರೇ ಸಕ್ಕರೆ ನೀರು ಕುಡಿಸಿ, ಊಟ ಮಾಡಿಸಿ, ಜೊತೆಗೆ ಕೂತಿದ್ದರು. ಅವ್ವ ಈಗ ಚೆನ್ನಾಗಿದ್ದಾಳೆ. ಆ ಮೂರು ಗಂಟೆಯನ್ನು ಮಾತ್ರ ನಾನಿನ್ನೂ ಮರೆತಿಲ್ಲ.

ಹೋಗುವ ಮುಂಚೆ ನಾನು ಸುಮ್ನೆ ಕೂತಿರಲಿಲ್ಲ. ಆ ಕಡೆ ಸಿಗ್ನಲ್ ಕಷ್ಟ ಅಂತ ಗೊತ್ತಿತ್ತು. ನಮ್ಮೂರಿನ ಒಂದು ಮೊಬೈಲ್ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಮೊದಲು ಫೋನಿನ ಹಿಂದೆ ಅಂಟಿಸುವ ಬಂಗಾರದ ಬಣ್ಣದ ಸ್ಟಿಕ್ಕರ್ ಎರಡು ಕೊಟ್ಟ, ಒಂದಕ್ಕೆ 150 ರೂಪಾಯಿ. ಆಮೇಲೆ ಕಾರಿನ ಚಾರ್ಜಿಂಗ್ ಸಾಕೆಟ್‌ಗೆ ಸಿಕ್ಕಿಸುವ ಒಂದು ಡಬ್ಬಿ ತೆಗೆದ. ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಅಂತೆ. 4,200 ರೂಪಾಯಿ. ಬಿಲ್ ಕೇಳಿದರೆ ಬಿಳಿ ಚೀಟಿಯಲ್ಲಿ ಬರೆದುಕೊಟ್ಟ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಸ್ಟಿಕ್ಕರ್ ಏನೂ ಮಾಡುವುದಿಲ್ಲ. ಒಂದನ್ನು ಬಿಡಿಸಿ ನೋಡಿದೆ, ಒಳಗೆ ಬರೀ ತೆಳು ಲೋಹದ ಹಾಳೆ. ಡಬ್ಬಿಯಲ್ಲಿ ಹಸಿರು ದೀಪ ಹತ್ತುತ್ತಿತ್ತು, ಅಷ್ಟೇ. ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇನ್ನೊಂದು ವಿಷಯಕ್ಕೆ. ನಮ್ಮ ದೇಶದಲ್ಲಿ ಸಿಗ್ನಲ್ ಬೂಸ್ಟರನ್ನು ನಮ್ಮಂಥವರು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಎಲ್ಲವೂ ಕಾನೂನಿಗೆ ವಿರುದ್ಧ. ಲೈಸೆನ್ಸ್ ಇರುವ ಟೆಲಿಕಾಂ ಕಂಪನಿಗಳು ಮಾತ್ರ ಅದನ್ನು ಹಾಕಬಹುದು. ಕೇಂದ್ರದ ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಾರಣವೂ ಇದೆ. ಕಳಪೆ ಬೂಸ್ಟರ್ ನಮ್ಮ ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸಿ ಟವರ್‌ಗೆ ತಳ್ಳುತ್ತದೆ. ಆಗ ಸುತ್ತಲಿನ ಹಳ್ಳಿಯವರ ಕರೆಗಳು ಕೆಡುತ್ತವೆ. ಅಮೆರಿಕದವರ ವಿಡಿಯೊ ನೋಡಿ ಮೋಸ ಹೋಗಬೇಡಿ. ಅಲ್ಲಿ ಪರೀಕ್ಷೆ ಆದ ಬೂಸ್ಟರ್‌ಗಳಿಗೆ ಅನುಮತಿ ಇದೆ, ಇಲ್ಲಿ ಇಲ್ಲ.

ದಾರಿ ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು. ಭತ್ತದ ಕೊಯ್ಲಿನ ಕಾಲ, ಸಿರುಗುಪ್ಪದಿಂದ ಸಿಂಧನೂರಿನವರೆಗೆ ಕೊಯ್ಲು ಮಶೀನು, ಟ್ರ್ಯಾಕ್ಟರ್ ಹಿಂದೆಯೇ ಸಾಗಬೇಕು. ಮಸ್ಕಿಯಲ್ಲಿ ಅಶೋಕನ ಶಾಸನ ನೋಡಿ. 1915ರಲ್ಲಿ ಸಿಕ್ಕ ಈ ಶಾಸನದಲ್ಲಿ ಅಶೋಕ ಎನ್ನುವ ಹೆಸರೇ ಇದೆ. ಅಲ್ಲಿವರೆಗೆ ಫೋನಿನ ಚಿಂತೆ ಇಲ್ಲ.

ರಾತ್ರಿ ಲಿಂಗಸುಗೂರಿನ ಒಂದು ಲಾಡ್ಜಿನಲ್ಲಿ ಉಳಿದೆವು. ಮದುವೆ ಸೀಸನ್ ಅಂತ 1,800 ರೂಪಾಯಿ ತೆಗೆದುಕೊಂಡರು. ವೈಫೈ ಅಂತ ಬೋರ್ಡ್ ಇತ್ತು, ವೈಫೈ ಇರಲಿಲ್ಲ. ನಡುವಿನ ಕೋಣೆ, ಕಿಟಕಿ ತೆರೆದರೆ ಎದುರಿಗೆ ಗೋಡೆ. ಊರಿನ ಮಧ್ಯೆ ಇದ್ದರೂ ಕರೆ ಬರುತ್ತಿರಲಿಲ್ಲ. ಕೋಣೆ ತೆಗೆದುಕೊಳ್ಳುವ ಮುಂಚೆ ಒಳಗೆ ನಿಂತು ಒಂದು ಕರೆ ಮಾಡಿ ನೋಡಿ. ರಸ್ತೆ ಕಡೆಯ ಮೇಲಿನ ಮಹಡಿ ಕೇಳಿ. ಗಲಾಟೆ ಇರುತ್ತದೆ ನಿಜ. ನನಗೆ ಲಾರಿ ಸದ್ದು ಪರವಾಗಿಲ್ಲ, ಕರೆ ಬಾರದ ಕೋಣೆ ಆಗುವುದಿಲ್ಲ.

ಬೆಳಿಗ್ಗೆ ಜಲದುರ್ಗದ ಕಡೆ ಹೊರಟೆವು. ಇಪ್ಪತ್ತು ಕಿಲೋಮೀಟರ್ ಆಸುಪಾಸು. ಕೃಷ್ಣೆ ಹತ್ತಿರ ಬಂದಂತೆ ನೆಲ ಇಳಿಯುತ್ತದೆ, ಎರಡೂ ಕಡೆ ಬಂಡೆ ಗುಡ್ಡ. ಮೊಬೈಲ್ ಸಿಗ್ನಲ್ ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರವಾಗಿ ಸಾಗುತ್ತದೆ, ನಡುವೆ ಗುಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ನಾವು ಸರಿಯಾಗಿ ಆ ನೆರಳಿನೊಳಗೆ ಇಳಿದಿದ್ದೆವು. ಮೊದಲು ಒಂದು ಕಡ್ಡಿ, ಆಮೇಲೆ ಅದೂ ಇಲ್ಲ. ನನ್ನದೂ ನನ್ನ ಹೆಂಡತಿಯದೂ ಒಂದೇ ಕಂಪನಿಯ ಸಿಮ್. ಹಾಗಾಗಿ ಎರಡೂ ಫೋನ್ ಒಟ್ಟಿಗೇ ಸತ್ತವು. ದೊಡ್ಡ ತಪ್ಪು ಅದೇ.

ಮಧ್ಯಾಹ್ನ ದಾರಿ ಪಕ್ಕದ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದೆವು. ಅಲ್ಲಿ ಒಬ್ಬ ಕುರಿಗಾಹಿ ಹುಡುಗ ಸೊಪ್ಪು ಕೊಯ್ಯುವ ದೋಟಿ ಹಿಡಿದು ನಿಂತಿದ್ದ. ನಾನು ಫೋನ್ ಎತ್ತಿ ಎತ್ತಿ ನೋಡುವುದನ್ನು ಕಂಡು ಹೇಳಿದ: “ಯಣ್ಣಾ, ಈ ತಗ್ಗಿನ್ಯಾಗ ಟವರ್ ಸಿಗಂಗಿಲ್ರಿ. ತಡೀರಿ, ಮ್ಯಾಲ ಎತ್ತೂಣು.” ನನ್ನ ಫೋನನ್ನು ಬಟ್ಟೆ ಚೀಲದಲ್ಲಿ ಹಾಕಿ, ದೋಟಿಯ ತುದಿಗೆ ಬಿಗಿಯಾಗಿ ಕಟ್ಟಿ, ಮರದ ಹೊರಗೆ ನಿಂತು ಮೇಲೆ ಎತ್ತಿ ಹಿಡಿದ. ಅವನು ದಿನಾ ಹೀಗೆ ಮಾಡುತ್ತಾನಂತೆ. ಮನೆಯವರಿಗೆ ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುವ ಗುಂಡಿ ಒತ್ತುತ್ತಾನೆ, ಎತ್ತಿ ಹಿಡಿದು ಇಪ್ಪತ್ತು ಎಣಿಸುತ್ತಾನೆ, ಇಳಿಸುವಷ್ಟರಲ್ಲಿ ಮೆಸೇಜ್ ಹೋಗಿರುತ್ತದೆ. ನನ್ನ ಫೋನ್ ಮೇಲಿದ್ದಾಗಲೇ ಟಿಣ್ ಟಿಣ್ ಅನ್ನತೊಡಗಿತು. ಇಳಿಸಿ ನೋಡಿದರೆ ಅಕ್ಕನ ಹನ್ನೊಂದು ಮಿಸ್ಡ್ ಕಾಲ್ ಮೆಸೇಜ್‌ಗಳು.

ಅವನು ತೋರಿಸಿದ ದಿಬ್ಬಕ್ಕೆ ಓಡಿದೆ. ಐವತ್ತು ಹೆಜ್ಜೆ ಏರಿದರೆ ಎರಡು ಕಡ್ಡಿ. ಮನೆಗೆ ಮಾತಾಡಿದೆ. ಕೋಟೆ ನೋಡದೆ ಅಲ್ಲಿಂದಲೇ ವಾಪಸ್ ಹೊರಟೆವು.

ಹದಿನೈದು ದಿನ ಬಿಟ್ಟು ತಮ್ಮನ ಜೊತೆ ಮತ್ತೆ ಹೋದೆ. ಈ ಸಲ ಎಲ್ಲವನ್ನೂ ಅಳೆದು ನೋಡಿದೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದರೆ ಸಿಗ್ನಲ್ ಎಷ್ಟಿದೆ ಎಂದು ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಕಡ್ಡಿಗಳನ್ನು ನಂಬಬೇಡಿ, ಈ ಅಂಕಿ ನೋಡಿ. ಇದು ಮೈನಸ್ ಅಂಕಿ. -85 ಆಸುಪಾಸು ಇದ್ದರೆ ಚೆನ್ನಾಗಿದೆ, -110 ದಾಟಿದರೆ ಕರೆ ನಿಲ್ಲುವುದು ಕಷ್ಟ. ಮೂರು ಅಂಕಿ ಕೆಳಗಿಳಿದರೆ ಸಿಗ್ನಲ್ ಶಕ್ತಿ ಅರ್ಧಕ್ಕೆ ಬರುತ್ತದೆ. ಅದೇ ತಗ್ಗಿನ ಅಂಚಿನಲ್ಲಿ ಕಾರು ನಿಲ್ಲಿಸಿ ನೋಡಿದೆ. ಎರಡು ಸೀಟಿನ ನಡುವೆ ಲೋಟ ಇಡುವ ಜಾಗದಲ್ಲಿ -113. ಮುಂದಿನ ಗಾಜಿನ ಹತ್ತಿರ ಡ್ಯಾಶ್‌ಬೋರ್ಡ್ ಮೇಲೆ -107. ಹೊರಗೆ ಕಾರಿನ ಛಾವಣಿ ಮೇಲೆ -101. ಸೀಟಿನ ನಡುವಿನದಕ್ಕಿಂತ ಛಾವಣಿ ಮೇಲೆ ಹದಿನಾರು ಪಟ್ಟು ಜಾಸ್ತಿ ಅಂತಾಯಿತು! ಕಾರು ಅಂದರೆ ತಗಡಿನ ಡಬ್ಬಿ ಅಲ್ವಾ, ಸಿಗ್ನಲ್ ಒಳಗೆ ಬರುವುದು ಗಾಜಿನಿಂದಲೇ. ಬಿಸಿಲಿಗೆ ಅಂತ ಲೋಹ ಸೇರಿದ ಫಿಲ್ಮ್ ಅಂಟಿಸಿದ್ದರೆ ಆ ದಾರಿಯೂ ಅರ್ಧ ಮುಚ್ಚುತ್ತದೆ. ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಪಕ್ಕದ ಗಾಜುಗಳಿಗೆ ಹಳೆಯ ಮಾಲೀಕರು ಅಂಥದ್ದೇ ಹಾಕಿಸಿದ್ದರು. ಕಿಟಕಿ ಇಳಿಸಿದರೆ ಅಂಕಿ ಮೂರು ನಾಲ್ಕು ಸುಧಾರಿಸುತ್ತಿತ್ತು.

ಹಾಗಾಗಿ ಓಡಿಸುವಾಗ ಫೋನನ್ನು ಜೇಬಿನಲ್ಲೋ ಸೀಟಿನ ನಡುವೆಯೋ ಇಡಬೇಡಿ, ಮುಂದಿನ ಗಾಜಿನ ಹತ್ತಿರದ ಸ್ಟ್ಯಾಂಡಿಗೆ ಹಾಕಿ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಗಾಜಿನ ಹತ್ತಿರ ಫೋನ್ ಕಾದು ತಾನೇ ಆಫ್ ಆಗುತ್ತದೆ. ಎಸಿಯ ಗಾಳಿ ತಾಗುವಲ್ಲಿ ಸ್ಟ್ಯಾಂಡ್ ಹಾಕಿಸಿ. ಮುಖ್ಯವಾದ ಕರೆ ಮಾಡಬೇಕಾದರೆ ಕಾರು ನಿಲ್ಲಿಸಿ, ಫೋನನ್ನು ಛಾವಣಿ ಮೇಲೆ ಬಟ್ಟೆ ಹಾಕಿ ಇಟ್ಟು, ಬ್ಲೂಟೂತ್ ಇಯರ್‌ಫೋನಿನಲ್ಲಿ ಮಾತಾಡಿ. ನಾನು ಹೀಗೆ ಹತ್ತು ನಿಮಿಷ ಮಾತಾಡಿದೆ, ಒಮ್ಮೆಯೂ ಕಟ್ ಆಗಲಿಲ್ಲ. ಹೊರಡುವಾಗ ಫೋನ್ ತೆಗೆದುಕೊಳ್ಳಲು ಮರೆಯಬೇಡಿ.

ದೋಟಿ ಉಪಾಯಕ್ಕೆ ಇನ್ನೊಂದು ಸೇರಿಸಿದೆವು. ಮೇಲೆ ಕಟ್ಟುವ ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ಕೆಳಗೆ ನಿಂತು ಇನ್ನೊಂದು ಫೋನಿನಿಂದ ವಾಟ್ಸಾಪ್ ಕರೆ ಮಾಡುವುದು. ಕೆಲಸ ಮಾಡಿತು. ಈಗ ನನ್ನ ಡಿಕ್ಕಿಯಲ್ಲಿ ಎಂಟು ಅಡಿಯ ಮಡಚುವ ಅಲ್ಯೂಮಿನಿಯಂ ಕೋಲು ಒಂದಿದೆ. ಕರೆಂಟ್ ತಂತಿ ಹತ್ತಿರ ಇದ್ದರೆ, ಗುಡುಗು ಮೋಡ ಇದ್ದರೆ ಕೋಲು ಎತ್ತಲೇಬೇಡಿ. ಬೇರೆ ಹೊತ್ತಿನಲ್ಲೂ ಅಲ್ಯೂಮಿನಿಯಂಗಿಂತ ಒಣ ಬಿದಿರು ಒಳ್ಳೆಯದು.

ಎರಡನೇ ಸಿಮ್ ಬೇರೆ ಕಂಪನಿಯದ್ದು ಇರಲೇಬೇಕು. 4,200 ರೂಪಾಯಿಯ ಡಬ್ಬಿಗಿಂತ ಇದು ಎಷ್ಟೋ ಮೇಲು. ತಮ್ಮನ ಬಿಎಸ್‌ಎನ್‌ಎಲ್ ಸಿಮ್‌ಗೆ ಆ ತಗ್ಗಿನಲ್ಲೂ ಒಂದು ಕಡ್ಡಿ ಸಿಕ್ಕಿತು. ಬೇರೆ ಹಳ್ಳಿಯಲ್ಲಿ ಇದು ತಿರುಗುಮುರುಗು ಆಗಬಹುದು, ಅದಕ್ಕೇ ಎರಡು ಬೇಕು. ಲಿಂಗಸುಗೂರು ಬಿಟ್ಟ ಮೇಲೆ 5ಜಿ ಆಫ್ ಮಾಡಿ 4ಜಿಗೆ ಇಡಿ. 5ಜಿ ಹೆಚ್ಚಾಗಿ ಓಡುವ 3,500 ಮೆಗಾಹರ್ಟ್ಸ್ ಆಸುಪಾಸಿನ ಅಲೆ ದೂರ ಹೋಗುವುದಿಲ್ಲ. 4ಜಿಗೂ ಬಳಸುವ 700, 850, 900ರ ಅಲೆಗಳು ದೂರ ಹೋಗುತ್ತವೆ, ಅಡ್ಡಗಳನ್ನೂ ಸ್ವಲ್ಪ ಬಳಸಿಕೊಂಡು ಬರುತ್ತವೆ. ಫೋನ್ ಸುಮ್ನೆ 5ಜಿ ಹುಡುಕುತ್ತಾ ಬ್ಯಾಟರಿ ತಿನ್ನುವುದು ಬೇಡ. ಸಿಗ್ನಲ್ ಕಮ್ಮಿ ಇದ್ದಾಗ ಫೋನ್ ಜೋರಾಗಿ ಕೂಗಬೇಕಾಗುತ್ತದೆ, ಅದಕ್ಕೇ ಇಂಥ ಜಾಗದಲ್ಲಿ ಚಾರ್ಜ್ ಬೇಗ ಇಳಿಯುತ್ತದೆ. 2ಜಿ ಇರುವ ಸಿಮ್ ಆದರೆ ಕರೆಗೆ 2ಜಿಗೆ ಹಾಕಿ ನೋಡಿ. ಜಿಯೊದಲ್ಲಿ 2ಜಿ ಇಲ್ಲ. ಗುಡ್ಡ ಏರಿದ ಮೇಲೂ ಕಡ್ಡಿ ಬರದಿದ್ದರೆ ಫ್ಲೈಟ್ ಮೋಡ್ ಹಾಕಿ, ಹತ್ತು ಎಣಿಸಿ ತೆಗೆಯಿರಿ. ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುವುದುಂಟು. ಪರದೆ ಮೇಲೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ಇದ್ದರೆ ಹೆಚ್ಚಾಗಿ ಬೇರೆ ಕಂಪನಿಯ ಟವರ್ ಹತ್ತಿರದಲ್ಲಿದೆ ಅಂತ ಅರ್ಥ. ಆಗ 112 ಒತ್ತಬಹುದು.

ವಾರಗಟ್ಟಲೆ ಇಂಥ ಕಡೆ ಓಡಾಡುವವರಿಗೆ ಕಾನೂನಿನೊಳಗಿನ ಒಂದು ದಾರಿ ಇದೆ. ಸಿಮ್ ಹಾಕುವ, ಹೊರಗಿನ ಆಂಟೆನಾ ಸಿಕ್ಕಿಸಲು ಜಾಗ ಇರುವ 4ಜಿ ರೂಟರ್. ಆಂಟೆನಾ ಛಾವಣಿ ಮೇಲೆ, ರೂಟರ್ ಒಳಗೆ, ಫೋನಿಗೆ ವೈಫೈ. ಒಂದೆರಡು ದಿನದವರಿಗೆ ಇಷ್ಟೆಲ್ಲ ಬೇಡ.

ಊಟದ ಮಾತು ಹೇಳಲೇಬೇಕು. ಎರಡೂ ಸಲ ಲಿಂಗಸುಗೂರು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಖಾನಾವಳಿಯಲ್ಲಿ ಉಂಡೆವು. ಬೋರ್ಡ್ ಕೂಡ ಮಾಸಿದೆ, ನಾಲ್ಕೇ ಮೇಜು. 80 ರೂಪಾಯಿಗೆ ಬಿಸಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಮೊಳಕೆ ಹೆಸರುಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಮೆಂತ್ಯ, ಉಳ್ಳಾಗಡ್ಡಿ. ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ಉಣ್ಣಬೇಕು. ಪುಂಡಿ ಪಲ್ಯದ ಹುಳಿ ಸರಿಯಾಗಿ ನಿಂತಿತ್ತು, ಮೇಲೆ ಒಂದು ಚಮಚ ಹಸಿ ಎಣ್ಣೆ. ನಾಲ್ಕನೇ ರೊಟ್ಟಿಗೆ ದುಡ್ಡು ಕೇಳಿದರೆ ಯಜಮಾನಿ ಅಮ್ಮ, “ರೊಟ್ಟಿಗೇನ್ ರೊಕ್ಕ ಬಿಡ್ರಿ” ಅಂದರು. ನಾನು ಮನೆಗೆ ಕರೆ ಮಾಡಲು ಒದ್ದಾಡುವುದನ್ನು ನೋಡಿ ತಮ್ಮ ವೈಫೈಗೇ ಸೇರಿಸಿಕೊಟ್ಟರು. ಫೋನಿನಲ್ಲಿ ವೈಫೈ ಕಾಲಿಂಗ್ ಮೊದಲೇ ಆನ್ ಮಾಡಿಟ್ಟಿದ್ದರೆ ಮಾಮೂಲಿ ಕರೆಯೂ ವೈಫೈ ಮೂಲಕ ಹೋಗುತ್ತದೆ. ಲಾಡ್ಜಿನವರು ದುಡ್ಡು ತೆಗೆದುಕೊಂಡೂ ಕೊಡದ್ದನ್ನು ಈ ಅಮ್ಮ ಕೇಳದೆಯೇ ಕೊಟ್ಟರು.

ಮಿಕ್ಕ ಕೆಲಸಗಳನ್ನೂ ಅಲ್ಲೇ ಊಟಕ್ಕೆ ಕೂತು ಮುಗಿಸಿ. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಟವರ್ ಬೇಡ, ಮ್ಯಾಪಿನ ಚಿತ್ರ ಇಳಿಸಿಕೊಳ್ಳಲು ಮಾತ್ರ ಬೇಕು. ಮುಂದೆ ಯುಪಿಐ ನಂಬಬೇಡಿ, ಸಾವಿರ ರೂಪಾಯಿ ಚಿಲ್ಲರೆ ಇಟ್ಟುಕೊಳ್ಳಿ. ಮನೆಗೆ ಫೋನ್ ಮಾಡಿ ಎಷ್ಟು ಗಂಟೆಗೆ ಮತ್ತೆ ಸಿಗುತ್ತೇವೆ ಅಂತ ಹೇಳಿ. ಒಂಟಿಯಾಗಿರುವ ಹಿರಿಯರಿದ್ದರೆ ಪಕ್ಕದ ಮನೆಯವರಿಗೆ ಎರಡನೇ ಸಿಮ್ ನಂಬರೂ ಕೊಡಿ. ಮಳೆಗಾಲದಲ್ಲಿ ಹೋಗುವುದಾದರೆ ಇನ್ನೊಂದು ಪ್ರಶ್ನೆ ಕೇಳಿ: ನಾರಾಯಣಪುರ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರಾ? ನೀರು ಜಾಸ್ತಿ ಬಿಟ್ಟರೆ ಆ ಕಡೆಯ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ನದಿ ಹತ್ತಿರ ಹೋದ ಮೇಲೆ ಫೋನ್ ಮಾಡಿ ಕೇಳೋಣ ಅಂದರೆ ಟವರ್ ಇರುವುದಿಲ್ಲ. ಖಾನಾವಳಿಯಲ್ಲಿ ಊಟಕ್ಕೆ ಕೂತ ಬಸ್ ಡ್ರೈವರ್‌ಗಳಿಗೆ ಅದು ಬೆಳಿಗ್ಗೆಯೇ ಗೊತ್ತಿರುತ್ತದೆ.